ಅದಬು ಕಲಿಸಿದ ಗುರು: ಡಾ. ಜಾಕಿರ್ ಹುಸೇನ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಶಿಕ್ಷಣ ಕ್ಷೇತ್ರದ ಮಹನೀಯರೊಬ್ಬರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯು ಸೂಚಿಸಿದಾಗ ನಾನು ಹೆಚ್ಚು ಯೋಚಿಸದೆ ಡಾ. ಜಾಕಿರ್ ಹುಸೇನರ ಹೆಸರನ್ನು ಹೇಳಿದೆನು. ಅದಕ್ಕೆ ಕಾರಣ ನಮ್ಮ ಪಾಲಕರೇ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಮುಸ್ಲಿಂ ಮನೆತನದವರೂ ಇದ್ದಾರೆ. ಆ ಮಕ್ಕಳ ತಂದೆತಾಯಿಗಳು ಪ್ರವೇಶದ ದಿನ ಅಂಕಗಳ ವಿಷಯಕ್ಕಿಂತ ಮೊದಲು ಕೇಳುವ ಪ್ರಶ್ನೆಯೊಂದಿದೆ. ಗಣಿತ, ವಿಜ್ಞಾನ ನೀವು ಕಲಿಸುವಿರಿ, ನಮ್ಮ ಮಕ್ಕಳಿಗೆ ಅದಬು ಯಾರು ಕಲಿಸಬೇಕು ಎಂಬುದೇ ಆ ಪ್ರಶ್ನೆ. ಅದಬು ಎಂದರೆ ನಡೆನುಡಿಯ ಶಿಸ್ತು, ಹಿರಿಕಿರಿಯರೊಡನೆ ವರ್ತಿಸುವ ರೀತಿ. ಅದರ ಒಳಗಿನ ಬೇರಾದ ಶೀಲಕ್ಕೆ ಅವರ ಮನೆಗಳಲ್ಲಿ ಅಖ್ಲಾಕ್ ಎನ್ನುತ್ತಾರೆ. ಈ ಪ್ರಶ್ನೆಯನ್ನೇ ಜೀವನದ ಕೆಲಸವನ್ನಾಗಿ ಸ್ವೀಕರಿಸಿದ ಒಬ್ಬ ಶಿಕ್ಷಕರು ನಮ್ಮ ದೇಶದಲ್ಲಿ ಇದ್ದರು. ಅವರು ಮುಂದೆ ರಾಷ್ಟ್ರಪತಿಗಳಾದರೆಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು 22 ವರ್ಷ ಅವರು ಏನು ಮಾಡುತ್ತಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ.

ಜಾಕಿರ್ ಹುಸೇನರು ಜನಿಸಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಉಮರ್ಗಾದ ಮೇಲೆ ಹಾಯ್ದುಹೋಗುವ ಸೊಲ್ಲಾಪುರದ ಹೆದ್ದಾರಿಯು ಕೊನೆಗೆ ತಲುಪುವ ಆ ಊರೇ ಅಂದು ನಮ್ಮ ಸೀಮೆಗೂ ರಾಜಧಾನಿ. ಉದಗೀರ, ನಿಲಂಗಾಗಳು ಆಗ ಬೀದರ ಜಿಲ್ಲೆಯ ತಾಲೂಕುಗಳು. ಉಮರ್ಗಾ ಉಸ್ಮಾನಾಬಾದಿಗೆ ಸೇರಿತ್ತು. ಮೂರೂ ನಿಜಾಮರ ಆಳ್ವಿಕೆಯಲ್ಲಿದ್ದವು. ಆದ್ದರಿಂದ ಅವರನ್ನು ದೂರದ ದಿಲ್ಲಿಯವರೆಂದು ಭಾವಿಸುವ ಅಗತ್ಯವಿಲ್ಲ. ತಂದೆ ಫಿದಾ ಹುಸೇನ್ ಖಾನರು ಉತ್ತರ ಪ್ರದೇಶದ ಕಾಯಂಗಂಜಿನಿಂದ ಬಂದು ಹೈದರಾಬಾದಿನಲ್ಲಿ ವಕೀಲಿ ವೃತ್ತಿಯನ್ನು ನಡೆಸಿ ಹೆಸರು ಮಾಡಿದ್ದರು. ಬಾಲಕನಿಗೆ ಹತ್ತು ವರ್ಷವಾಗಿದ್ದಾಗ, 1907ರಲ್ಲಿ, ತಂದೆ ತೀರಿಕೊಂಡರು. ತಾಯಿ ನಾಜನೀನ್ ಬೇಗಂ ಮಕ್ಕಳನ್ನು ಕರೆದುಕೊಂಡು ಕಾಯಂಗಂಜಿಗೆ ಮರಳಿದರು. ಜಾಕಿರರನ್ನು ಇಟಾವಾ ಪಟ್ಟಣದ ಇಸ್ಲಾಮಿಯಾ ಪ್ರೌಢಶಾಲೆಗೆ ಸೇರಿಸಲಾಯಿತು.

ಅಲ್ಲಿನ ಮುಖ್ಯಾಧ್ಯಾಪಕರು ಸೈಯದ್ ಅಲ್ತಾಫ್ ಹುಸೇನರು. ಸರಳ ಉಡುಪು, ವೇಳೆಗೆ ಸರಿಯಾಗಿ ನಮಾಜು, ಸತ್ಯವಾದ ಮಾತು ಇವುಗಳಲ್ಲಿ ಅವರು ಕಟ್ಟುನಿಟ್ಟು. ಆದರೆ ವಿದ್ಯಾರ್ಥಿಗಳ ಮೇಲೆ ಅಪಾರ ಮಮತೆ. ಅದೇ ವರ್ಷಗಳಲ್ಲಿ ಹಸನ್ ಶಾಹ ಎಂಬ ಸೂಫಿ ಸಾಧಕರ ಸಂಪರ್ಕವೂ ಬಾಲಕನಿಗೆ ಒದಗಿತು. ಪುಸ್ತಕಗಳ ಮೇಲೆ ಆ ಸಂತರಿಗೆ ತೀರದ ಮೋಹ. ಕೊಳ್ಳಲಾಗದ ಗ್ರಂಥಗಳನ್ನು ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು, ಜಾಕಿರರಿಂದಲೂ ಮಾಡಿಸುತ್ತಿದ್ದರು. ಅಕ್ಷರವನ್ನು ಅಂದವಾಗಿ ಬರೆಯುವುದು, ಪುಸ್ತಕವನ್ನು ಗೌರವದಿಂದ ಮುಟ್ಟುವುದು, ಹಿಡಿದ ಕೆಲಸವನ್ನು ಪೂರ್ಣಗೊಳಿಸದೆ ಏಳದಿರುವುದು ಇವೆಲ್ಲವೂ ಆ ನಕಲಿನ ಕೆಲಸದಲ್ಲಿ ಸೇರಿಕೊಂಡಿದ್ದ ಪಾಠಗಳು. 1911ರಲ್ಲಿ ಪ್ಲೇಗ್ ಬಂದು ತಾಯಿಯೂ ಹೋದರು. ಆಗ ಮಗ ಇಟಾವಾದಲ್ಲಿದ್ದರು. ಹದಿನಾಲ್ಕು ವರ್ಷದ ಆ ಹುಡುಗನಿಗೆ ಅಂದಿನಿಂದ ಶಾಲೆಯೇ ಮನೆಯಾಯಿತು. ಮುಂದೆ ಅವರು ಕಟ್ಟಿದ ಶಾಲೆಯೊಳಗೆ ಮನೆಯ ವಾಸನೆ ಅಷ್ಟೊಂದು ಇದ್ದುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನಗನ್ನಿಸುತ್ತದೆ.

1913ರಲ್ಲಿ ಅಲಿಗಢದ ಕಾಲೇಜನ್ನು ಸೇರಿದರು. ಬುದ್ಧಿವಂತ ವಿದ್ಯಾರ್ಥಿ, ಒಳ್ಳೆಯ ಮಾತುಗಾರ. ಕಾಲೇಜಿನ ದಾರಿಯಲ್ಲಿಯೇ ಮುಂದುವರಿದಿದ್ದರೆ ಸರಕಾರದ ದೊಡ್ಡ ಹುದ್ದೆಯೊಂದು ತಪ್ಪುತ್ತಿರಲಿಲ್ಲ. ಆದರೆ 1920ರ ಅಕ್ಟೋಬರಿನಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢಕ್ಕೆ ಬಂದು, ಬ್ರಿಟಿಷ್ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳನ್ನು ತೊರೆಯಬೇಕೆಂದು ವಿದ್ಯಾರ್ಥಿಗಳಿಗೆ ಕರೆಯಿತ್ತರು. ಆಗ ಎಂ.ಎ. ಓದುತ್ತಾ ಪಾಠವನ್ನೂ ಹೇಳುತ್ತಿದ್ದ ಜಾಕಿರರು ಹೊರಬಂದರು. ಬರಿದೆ ಹೊರಬಂದು ಘೋಷಣೆ ಕೂಗುವುದರಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಬಿಟ್ಟುಬಂದುದಕ್ಕೆ ಬದಲಾಗಿ ನಮ್ಮದೇ ಆದ ಸಂಸ್ಥೆಯೊಂದು ಬೇಕೆಂದು ಹಿರಿಯರನ್ನು ಒತ್ತಾಯಿಸಿದರು. ಹಾಗೆ 1920ರ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಎಂಬ ರಾಷ್ಟ್ರೀಯ ವಿದ್ಯಾಪೀಠವು ಅಲಿಗಢದಲ್ಲಿಯೇ, ಡೇರೆಗಳಲ್ಲಿ ಮತ್ತು ಬಾಡಿಗೆಯ ಮನೆಗಳಲ್ಲಿ ಆರಂಭವಾಯಿತು. ನಮ್ಮ ಶಾಲೆಯ ಹಿರಿಯ ಮಾಜಿ ವಿದ್ಯಾರ್ಥಿಗಳಿಗೆ ಈ ಬಗೆಯ ಆರಂಭದ ಚಿತ್ರವನ್ನು ವಿವರಿಸಬೇಕಾಗಿಲ್ಲ.

1922ರಲ್ಲಿ ಜಾಕಿರರು ಉನ್ನತ ವ್ಯಾಸಂಗಕ್ಕಾಗಿ ಬರ್ಲಿನ್ನಿಗೆ ತೆರಳಿದರು. ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯನ್ನು ಕುರಿತು ಪ್ರಬಂಧ ಬರೆದು ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯ ಮುದ್ರಣಾಲಯವೊಂದರಲ್ಲಿ ತಾವೇ ಅಚ್ಚುಮೊಳೆಗಳನ್ನು ಜೋಡಿಸಿ ಗಾಲಿಬನ ಕವಿತಾ ಸಂಕಲನವನ್ನು ಸೊಗಸಾಗಿ ಅಚ್ಚುಹಾಕಿಸಿದರು. ಬಾಲ್ಯದಲ್ಲಿ ಹಸನ್ ಶಾಹರ ಬಳಿ ಕಲಿತದ್ದು ಇಲ್ಲಿ ಬೆರಳಿಗೆ ಬಂದಿತ್ತು. ಇತ್ತ ಜಾಮಿಯಾ ಮುಳುಗುತ್ತಿತ್ತು. ಖಿಲಾಫತ್ ಚಳವಳಿ ತಣ್ಣಗಾಗಿ ಹಣದ ಮೂಲ ಬತ್ತಿತ್ತು. ಸಂಸ್ಥೆಯನ್ನು ಮುಚ್ಚುವ ಮಾತು ನಡೆದಿತ್ತು. ಜಾಕಿರರೂ ಅವರ ಗೆಳೆಯರಾದ ಆಬಿದ್ ಹುಸೇನ್ ಮತ್ತು ಮೊಹಮ್ಮದ್ ಮುಜೀಬರೂ ತಾವು ಬರುವವರೆಗೆ ಮುಚ್ಚಬಾರದೆಂದು ಕೇಳಿಕೊಂಡರು. 1925ರಲ್ಲಿ ಸಂಸ್ಥೆ ದಿಲ್ಲಿಯ ಕರೋಲ್ ಬಾಗಿಗೆ ಸ್ಥಳಾಂತರವಾಯಿತು. 1926ರಲ್ಲಿ ಮೂವರೂ ಮರಳಿದರು. ಇಪ್ಪತ್ತೊಂಬತ್ತು ವರ್ಷದ ಜಾಕಿರ್ ಹುಸೇನರು ಜಾಮಿಯಾದ ಕುಲಪತಿಗಳಾದರು.

ಹೆಸರಿಗೆ ಕುಲಪತಿ, ಕೈಯಲ್ಲಿ ಸಾಲದ ಪಟ್ಟಿ. ಅದುವರೆಗೆ ಸಂಸ್ಥೆಯನ್ನು ಪೊರೆದಿದ್ದ ಹಕೀಂ ಅಜ್ಮಲ್ ಖಾನರು 1927ರ ಕೊನೆಯಲ್ಲಿ ನಿಧನರಾದರು. ಆಗ ಶಿಕ್ಷಕರೇ ಸಂಘವೊಂದನ್ನು ಕಟ್ಟಿಕೊಂಡು ಒಂದು ಪ್ರತಿಜ್ಞೆಯನ್ನು ಕೈಗೊಂಡರು. 20 ವರ್ಷ ಸಂಸ್ಥೆಯನ್ನು ಬಿಡಕೂಡದು, ತಿಂಗಳಿಗೆ 150 ರೂಪಾಯಿಗಳಿಗಿಂತ ಹೆಚ್ಚು ವೇತನವನ್ನು ಪಡೆಯಕೂಡದು ಎಂಬುದೇ ಆ ಪ್ರತಿಜ್ಞೆ. ನಡೆದದ್ದು ಇನ್ನೂ ಕಠಿಣ. ಜಾಕಿರರು ಆ ಮಿತಿಗಿಂತಲೂ ಬಹಳ ಕಡಿಮೆ ಪಡೆಯುತ್ತಿದ್ದರು, ಅದೂ ವೇಳೆಗೆ ಸಿಗುತ್ತಿರಲಿಲ್ಲ. ಈ ತ್ಯಾಗವನ್ನು ಕೊಂಡಾಡುವಾಗ ಆ ಮನೆಗಳ ಹೆಣ್ಣುಮಕ್ಕಳನ್ನು ನಾವು ಮರೆಯುತ್ತೇವೆ. ಪತ್ನಿ ಶಾಹಜಹಾನ್ ಬೇಗಂ ಅವರ ಒಲೆಯ ಮೇಲೆಯೂ ಆ ಪ್ರತಿಜ್ಞೆಯ ಭಾರವಿತ್ತು.

ಈಗ ಪಾಲಕರ ಪ್ರಶ್ನೆಗೆ ಬರೋಣ. ಜಾಮಿಯಾದಲ್ಲಿ ಮುಸ್ಲಿಂ ಮಕ್ಕಳಿಗೆ ಧರ್ಮದ ಪಾಠವಿತ್ತು, ನಮಾಜು ಇತ್ತು. ಹಿಂದೂ ವಿದ್ಯಾರ್ಥಿಗಳಿಗೆ ಅವರ ಧರ್ಮನೀತಿಯನ್ನು ಕಲಿಯುವ ಅವಕಾಶವೂ ಇತ್ತು. ಗಾಂಧೀಜಿಯವರ ಮಗ ದೇವದಾಸರು ಕೆಲಕಾಲ ಅಲ್ಲಿ ಶಿಕ್ಷಕರಾಗಿದ್ದರು. ಆದರೆ ಶೀಲವು ಈ ಪಾಠದ ಗಂಟೆಯಲ್ಲಿ ಬರುತ್ತದೆಂದು ಜಾಕಿರರು ನಂಬಿರಲಿಲ್ಲ. ಸಲಾಮನ್ನು ಮೊದಲು ಹೇಳುವುದು, ಬಲಗೈಯಿಂದ ತನ್ನ ಮುಂದಿನದನ್ನೇ ಉಣ್ಣುವುದು, ಅಪ್ಪಣೆ ಕೇಳಿ ಒಳಗೆ ಬರುವುದು, ಒಪ್ಪಿಸಿದ ವಸ್ತುವನ್ನು ಜೋಪಾನ ಮಾಡುವುದು, ಬೆನ್ನ ಹಿಂದೆ ಆಡಿಕೊಳ್ಳದಿರುವುದು ಇವು ಇಸ್ಲಾಮಿನ ಅದಬಿನ ಮೊದಲ ಪಾಠಗಳು. ಮಗುವಿಗೆ ಇವನ್ನು ಬಾಯಿಪಾಠ ಮಾಡಿಸುವುದು ಸುಲಭ. ಒಪ್ಪಿಸಿದ ವಸ್ತುವನ್ನು ಜೋಪಾನ ಮಾಡಬೇಕೆಂದು ನೂರು ಸಲ ಹೇಳಬಹುದು; ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕೈಗೆ ನಿಜವಾದ ಹಣವನ್ನೇ ಒಪ್ಪಿಸಿದರು. ಮಕ್ಕಳೇ ನಡೆಸುವ ಬ್ಯಾಂಕು, ಮಕ್ಕಳೇ ಕುಳಿತು ವ್ಯಾಪಾರ ಮಾಡುವ ಅಂಗಡಿ. ಒಂದು ಕಾಸು ತಪ್ಪಿದರೂ ಲೆಕ್ಕ ಕೇಳುವವರು ಗೆಳೆಯರೇ. ಈ ಯೋಜನಾ ಪದ್ಧತಿಯನ್ನು ಅಲ್ಲಿ ಬೆಳೆಸಿದವರು ಅಬ್ದುಲ್ ಗಫಾರ್ ಮುಧೋಳಿ ಎಂಬ ಶಿಕ್ಷಕರು. ಅಮಾನತ್ತು ಎಂಬ ಮಾತಿನ ಅರ್ಥವನ್ನು ಆ ಮಕ್ಕಳು ಅಂಗಡಿಯ ಗಲ್ಲೆಯ ಮುಂದೆ ಕುಳಿತು ಕಲಿತರು.

ಸ್ವಚ್ಛತೆಯ ವಿಷಯದಲ್ಲಿ ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಬೂಟುಗಳನ್ನು ಒರೆಸಿ ಹೊಳಪು ಮಾಡಿಕೊಂಡು ಬರಬೇಕೆಂದು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ತಿಳಿಸಿದ್ದರೂ ಹಲವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಹುಡುಗರು ಬಂದು ನೋಡಿದರೆ, ಬಾಗಿಲಲ್ಲಿ ಪಾಲಿಶಿನ ಡಬ್ಬಿ ಮತ್ತು ಬ್ರಶ್ಶು ಹಿಡಿದು ಕುಲಪತಿಗಳೇ ಕುಳಿತಿದ್ದರಂತೆ. ಯಾರ ಬೂಟು ಕೊಳೆಯಾಗಿದೆಯೋ ಅವರು ಕಾಲು ಮುಂದಿಡಬಹುದು! ಬೈಗುಳವಿಲ್ಲ, ದಂಡವಿಲ್ಲ. ಆ ದಿನದ ನಂತರ ಆ ಬಗ್ಗೆ ಹೇಳಬೇಕಾಗಲಿಲ್ಲವೆನ್ನುತ್ತಾರೆ. ಇದನ್ನು ನಾವು ಶಿಕ್ಷಕರು ನಮ್ಮ ಭಾಷಣಗಳಲ್ಲಿ ಬಳಸುವುದುಂಟು, ಆದರೆ ಬ್ರಶ್ಶನ್ನು ಹಿಡಿದವರು ನಮ್ಮಲ್ಲಿ ಕಡಿಮೆ.

ಮುಸ್ಲಿಂ ಮಕ್ಕಳಿಗೆ ನಡತೆ ಕಲಿಸುವವರು ಮುಸ್ಲಿಮರೇ ಆಗಿರಬೇಕೆಂದೂ ಅವರು ಎಣಿಸಲಿಲ್ಲ. ಬರ್ಲಿನ್ನಿನ ದಿನಗಳಲ್ಲಿ ಪರಿಚಿತರಾಗಿದ್ದ ಗೆರ್ಡಾ ಫಿಲಿಪ್ಸ್‌ಬೋರ್ನ್ ಎಂಬ ಯಹೂದಿ ಮಹಿಳೆ ಮೂವತ್ತರ ದಶಕದಲ್ಲಿ ಜಾಮಿಯಾಕ್ಕೆ ಬಂದು ಶಿಶುವರ್ಗದ ಮತ್ತು ವಸತಿಗೃಹದ ಎಳೆಯ ಮಕ್ಕಳ ಜವಾಬ್ದಾರಿಯನ್ನು ವಹಿಸಿಕೊಂಡರು. ಮಕ್ಕಳು ಅವರನ್ನು ಆಪಾಜಾನ್ ಎಂದು, ಅಂದರೆ ಅಕ್ಕ ಎಂದು, ಕರೆಯುತ್ತಿದ್ದರು. ಮಹಾಯುದ್ಧ ಬಂದಾಗ ಜರ್ಮನಿಯವರೆಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಬಿಡುಗಡೆಯಾಗಿ ಮರಳಿ ಅದೇ ಮಕ್ಕಳ ನಡುವೆ ದುಡಿದು 1943ರಲ್ಲಿ ಕಾಯಿಲೆಯಿಂದ ತೀರಿಕೊಂಡರು.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಜಾಮಿಯಾದ ಸ್ವಂತ ಕಟ್ಟಡಕ್ಕೆ ಅಡಿಗಲ್ಲು ಇಡಬೇಕಾಗಿತ್ತು. ಅಡಿಗಲ್ಲೆಂದರೆ ಮಂತ್ರಿಯನ್ನೋ ಶ್ರೀಮಂತರನ್ನೋ ಕರೆಯುವುದು ವಾಡಿಕೆ. ಜಾಮಿಯಾದವರು ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿಯ ಕೈಯಿಂದ ಕಲ್ಲನ್ನು ಇಡಿಸಿದರು. ಕಿರಿಯರಿಗೆ ಮಮತೆ ತೋರುವುದೂ ಅದಬಿನ ಒಂದು ಭಾಗವೇ. ನಾವು ಹಿರಿಯರು ಅದರ ಇನ್ನೊಂದು ಭಾಗವನ್ನಷ್ಟೇ ಮಕ್ಕಳಿಗೆ ನೆನಪಿಸುತ್ತಿರುತ್ತೇವೆ.

ಮತ್ತೊಂದು ಪ್ರಸಂಗವನ್ನು ಬರೆಯಲು ಕೈ ಹಿಂಜರಿಯುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಜಾಕಿರರು ಸಿಹಿ ಹಂಚುತ್ತಿದ್ದರು. ಅವರ ಪುಟ್ಟ ಮಗಳು ರೆಹಾನಾ ಆಗ ಕಾಯಿಲೆಯಿಂದ ಮಲಗಿದ್ದಳು. ಜವಾನನು ಬಂದು ಕಿವಿಯಲ್ಲಿ ಏನನ್ನೋ ಹೇಳಿದನು. ಅವರ ಮುಖ ಬಿಳಿಚಿತು, ಕೈ ಮಾತ್ರ ನಿಲ್ಲಲಿಲ್ಲ. ಕೊನೆಯ ಮಗುವಿನವರೆಗೂ ಸಿಹಿಯನ್ನು ಕೊಟ್ಟರು. ಮಗಳು ತೀರಿಕೊಂಡ ಸುದ್ದಿ ಉಳಿದವರಿಗೆ ತಿಳಿದದ್ದು ಆಮೇಲೆ. ಮಕ್ಕಳು ಅಷ್ಟು ಸಂತೋಷದಲ್ಲಿದ್ದಾಗ ಅದನ್ನು ಮುರಿಯಲು ತಮಗೆ ಮನಸ್ಸಾಗಲಿಲ್ಲವೆಂದು ಅವರು ತಿಳಿಸಿದರು. ಇದನ್ನು ಓದಿದಾಗಲೆಲ್ಲ ಶಿಕ್ಷಕಿಯಾಗಿ ತಲೆಬಾಗುತ್ತೇನೆ. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿದ್ದ ತಾಯಿಯನ್ನು ನೆನೆದಾಗ ಇದನ್ನು ಅನುಕರಣೀಯವೆಂದು ಹೇಳಲು ನಾಲಗೆ ಏಳುವುದಿಲ್ಲ. ಮುಂದೆ ಅವರು ಮಕ್ಕಳಿಗಾಗಿ ಬರೆದ ಕಥೆಗಳನ್ನು ರುಕೈಯಾ ರೆಹಾನಾ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಅಬ್ಬೂ ಖಾನನ ಮೇಕೆಯ ಕಥೆ ಪ್ರಸಿದ್ಧವಾಗಿದೆ. ಫ್ರೆಂಚ್ ಕಥೆಯೊಂದರ ಎಳೆಯನ್ನು ಹಿಡಿದು ಅಲ್ಮೋಡಾದ ಬೆಟ್ಟಗಳಲ್ಲಿ ನೆಲೆಗೊಳಿಸಿದ ಕಥೆಯದು. ಹಗ್ಗದ ಬದುಕು ಬೇಡವೆಂದು ಬೆಟ್ಟಕ್ಕೆ ಓಡಿಹೋದ ಚಾಂದನಿ ಎಂಬ ಮೇಕೆ ತೋಳದೊಡನೆ ರಾತ್ರಿಯಿಡೀ ಸೆಣಸಿ ಬೆಳಗಿನ ಹೊತ್ತಿಗೆ ಸಾಯುತ್ತದೆ. ಗೆದ್ದದ್ದು ತೋಳವೆಂದು ಮರದ ಹಕ್ಕಿಗಳೆಲ್ಲ ಎಂದರೂ ಮುದಿ ಹಕ್ಕಿಯೊಂದು ಚಾಂದನಿಯೇ ಗೆದ್ದಳೆನ್ನುತ್ತದೆ. ನೀತಿಕಥೆಗಳಲ್ಲಿ ವಿಧೇಯ ಮಕ್ಕಳಿಗೇ ಬಹುಮಾನ ಸಿಗುವುದು ಸಾಮಾನ್ಯ. ಈ ಕಥೆಯ ಶೀಲ ಬೇರೆಯದು.

1937ರ ಅಕ್ಟೋಬರಿನಲ್ಲಿ ಗಾಂಧೀಜಿಯವರು ವರ್ಧಾದಲ್ಲಿ ಶಿಕ್ಷಣ ಸಮ್ಮೇಳನವನ್ನು ಕರೆದರು. ಕೈಕಸುಬಿನ ಮೂಲಕ ಕಲಿಸಬೇಕು, ಮಕ್ಕಳು ತಯಾರಿಸಿದ ವಸ್ತುಗಳಿಂದ ಶಾಲೆಯ ಖರ್ಚು ನಡೆಯಬೇಕು ಎಂಬುದು ಗಾಂಧೀಜಿಯವರ ಆಶಯ. ಅವರೆದುರಿನಲ್ಲಿಯೇ ಜಾಕಿರರು ತಮ್ಮ ಸಂದೇಹವನ್ನು ಮುಚ್ಚಿಡದೆ ತಿಳಿಸಿದರು. ಸಂಪಾದನೆಯೇ ಗುರಿಯಾದರೆ ಶಿಕ್ಷಕನು ಮಕ್ಕಳನ್ನು ದುಡಿಸಿಕೊಳ್ಳುವ ಯಜಮಾನನಾಗುವ ಅಪಾಯವಿದೆ ಎಂಬುದು ಅವರ ಆತಂಕ. ಹಿರಿಯರೆದುರು ವಿನಯದಿಂದ ಭಿನ್ನಾಭಿಪ್ರಾಯ ಹೇಳುವುದಕ್ಕೂ ಒಂದು ಅದಬು ಬೇಕು. ಗಾಂಧೀಜಿ ಬೇಸರಗೊಳ್ಳಲಿಲ್ಲ; ಯೋಜನೆ ರೂಪಿಸುವ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ, ಅದೂ ಮಾತೃಭಾಷೆಯಲ್ಲಿ, ಎಂಬುದು ಆ ಯೋಜನೆಯ ತಿರುಳು. ಬಸವಕಲ್ಯಾಣದ ನೆರೆಯಲ್ಲಿ ಬಾಳುವ ನಮಗೆ ಕೈಕೆಲಸವೂ ಅರಿವಿನ ದಾರಿಯೆಂಬ ಮಾತು ಹೊಸತಲ್ಲ.

ಆ ಪಠ್ಯಕ್ರಮದಲ್ಲಿ ಯಾವ ಮತದ ಬೋಧನೆಯೂ ಇರಲಿಲ್ಲ. ಐದು ಹೊತ್ತಿನ ನಮಾಜಿನ ಪರಿಸರದಲ್ಲಿ ಬೆಳೆದ ವ್ಯಕ್ತಿಯೊಬ್ಬರು ಇಂಥ ಯೋಜನೆಗೆ ಹೆಸರು ಕೊಟ್ಟರೆಂದು ಮುಸ್ಲಿಂ ಲೀಗಿನ ಕಡೆಯಿಂದ ಕಟುವಾದ ಟೀಕೆ ಬಂದಿತು. ಜಾಕಿರರು ಪ್ರತ್ಯುತ್ತರದ ಜಗಳಕ್ಕೆ ಇಳಿಯದೆ 1938ರಿಂದ ಹಿಂದುಸ್ತಾನಿ ತಾಲೀಮಿ ಸಂಘದ ಅಧ್ಯಕ್ಷರಾಗಿ ಕೆಲಸ ಮುಂದುವರಿಸಿದರು. ಯೋಜನೆ ಸಫಲವಾಯಿತೇ? ಇಲ್ಲವೆಂದೇ ಹೇಳಬೇಕು. ಅನೇಕ ಶಾಲೆಗಳಲ್ಲಿ ತಕಲಿಯು ಕವಾಯತಿನಂತಾಯಿತು, ಕಲಿಕೆ ಒಂದು ಕಡೆ, ನೂಲು ಇನ್ನೊಂದು ಕಡೆ ಉಳಿಯಿತು. ಅದು ನಡೆದ ರೀತಿಯ ಬಗ್ಗೆ ಮುಂದೆ ಅವರೇ ಸಾರ್ವಜನಿಕವಾಗಿ ಕಠೋರವಾಗಿ ಮಾತನಾಡಿದರು. ತಮ್ಮ ಹೆಸರಿನ ಯೋಜನೆಯನ್ನು ತಾವೇ ಹಾಗೆ ತೂಗಿ ನೋಡುವವರು ಅಪರೂಪ.

ಮಾತೃಭಾಷೆಯ ಈ ತತ್ತ್ವವು ನಮ್ಮ ಗಡಿಯಲ್ಲಿ ಸರಳವಾಗಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಆಗ ಕನ್ನಡ ಮನೆಯ ಮಗುವು ತನ್ನದಲ್ಲದ ಭಾಷೆಯಲ್ಲಿ ಓದಬೇಕಾಗಿತ್ತು. 1956ರ ನವೆಂಬರ್ 1ರಂದು ಬೀದರ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದಾಗ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. ಇಂದು ಸಂತೆಯಲ್ಲಿ ಮತ್ತು ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಮುಸ್ಲಿಂ ಮಕ್ಕಳ ಮನೆಯಲ್ಲಿ ದಖನಿ. ಆ ಮಗುವು ಮನೆಯಲ್ಲಿ ಕಲಿತ ಸಲಾಮು ಶಾಲೆಯ ಬಾಗಿಲಲ್ಲಿ ನಾಚಿಕೊಂಡು ಬಾಯೊಳಗೇ ಉಳಿದರೆ ನಾವು ಕಲಿಸುವ ಕನ್ನಡಕ್ಕೆ ಏನು ಬೆಲೆ? ಒಂದೊಂದಾಗಿ ಮಕ್ಕಳು ಇಂಗ್ಲಿಷ್ ಮಾಧ್ಯಮದ ಕಡೆಗೆ ಹೋಗುತ್ತಿರುವ ಈ ದಿನಗಳಲ್ಲಿ ಪಾಲಕರ ಆ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಕನ್ನಡ ಶಾಲೆಗಳು ಉಳಿಯುವುದು ಕಷ್ಟ. ಉತ್ತರವು ಹೊಸದೊಂದು ಪಠ್ಯಪುಸ್ತಕದಲ್ಲಿಲ್ಲ. ನಮಸ್ಕಾರಕ್ಕೂ ಸಲಾಮಿಗೂ ಶಿಕ್ಷಕರು ಎದ್ದುನಿಂತು ಒಂದೇ ನಗುಮುಖದಿಂದ ಮರುಮಾತು ಹೇಳುವಲ್ಲಿ ಅದು ಆರಂಭವಾಗಬೇಕು.

ಜಾಮಿಯಾದ ಬೆಳ್ಳಿಹಬ್ಬವು 1946ರ ನವೆಂಬರಿನಲ್ಲಿ ನಡೆಯಿತು. ದೇಶದಲ್ಲಿ ಕೋಮುಗಲಭೆಗಳು ಹೊತ್ತಿ ಉರಿಯುತ್ತಿದ್ದ ಕಾಲ. ಒಂದೇ ವೇದಿಕೆಯಲ್ಲಿ ನೆಹರೂ, ಆಜಾದ್, ರಾಜಾಜಿ ಒಂದು ಕಡೆ, ಜಿನ್ನಾ, ಲಿಯಾಕತ್ ಅಲಿ ಇನ್ನೊಂದು ಕಡೆ ಕುಳಿತಿದ್ದರು. ಅವರನ್ನು ಹಾಗೆ ಕೂಡಿಸಿದ್ದೇ ಒಂದು ಸಾಧನೆ. ಬೆಂಕಿ ಹಚ್ಚಿದವರು ಯಾರೆಂದು ಕೇಳುತ್ತ ಕೂಡುವ ಹೊತ್ತಲ್ಲವಿದು, ಆರಿಸಬೇಕಾದ ಹೊತ್ತು ಎಂದು ಜಾಕಿರರು ಆ ನಾಯಕರನ್ನು ಕೈಮುಗಿದು ಬೇಡಿಕೊಂಡರು. ಬೆಂಕಿ ಆರಲಿಲ್ಲ. 1947ರಲ್ಲಿ ಅವರೇ ಜಾಲಂಧರ ರೈಲು ನಿಲ್ದಾಣದಲ್ಲಿ ಗುಂಪಿನ ಕೈಗೆ ಸಿಕ್ಕಿಬಿದ್ದರು. ಸಿಖ್ ಸೇನಾಧಿಕಾರಿಯೊಬ್ಬರು ಮತ್ತು ಹಿಂದೂ ರೈಲ್ವೆ ನೌಕರರೊಬ್ಬರು ಅವರ ಪ್ರಾಣ ಉಳಿಸಿದರು. ದಿಲ್ಲಿಗೆ ಮರಳಿದವರು ಹೆಚ್ಚು ಕಾಲ ವಿಶ್ರಮಿಸದೆ ನಿರಾಶ್ರಿತರ ಸೇವೆಗೆ ನಿಂತರು. ದ್ವೇಷದ ಒಂದು ಮಾತೂ ಅವರ ಬಾಯಿಂದ ಹೊರಡಲಿಲ್ಲವೆಂದು ಬಲ್ಲವರು ಬರೆದಿದ್ದಾರೆ.

ಮುಂದಿನದು ಎಲ್ಲ ಪುಸ್ತಕಗಳಲ್ಲಿಯೂ ಸಿಗುವಂಥದು. 1948ರಿಂದ 1956ರವರೆಗೆ, ವಿಭಜನೆಯ ನಂತರ ಸಂಶಯದ ನೆರಳಲ್ಲಿದ್ದ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಸಂತೈಸಿ ನಿಲ್ಲಿಸಿದರು. 1957ರಲ್ಲಿ ಬಿಹಾರದ ರಾಜ್ಯಪಾಲರು, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಆ ಪದವಿಗೇರಿದ ಮೊದಲ ಮುಸ್ಲಿಮರು ಅವರು. ಆ ದಿನಗಳಲ್ಲಿ ಅವರು ಶೃಂಗೇರಿಯ ಜಗದ್ಗುರುಗಳನ್ನು ಕಂಡು ಗೌರವ ಸಲ್ಲಿಸಿದಾಗ ಅವರ ಸಮಾಜದ ಕೆಲವರಿಗೆ ಅದು ಹಿಡಿಸಲಿಲ್ಲ. ಹಿರಿಯರನ್ನು ಗೌರವಿಸುವುದನ್ನು ಇಟಾವಾದ ಶಾಲೆಯಲ್ಲಿ ಕಲಿತವರಿಗೆ ಅದು ಮತದ ಪ್ರಶ್ನೆಯಾಗಿ ಕಂಡಿರಲಾರದು. ರಾಷ್ಟ್ರಪತಿ ಭವನದಲ್ಲಿಯೂ ಅವರ ಪ್ರೀತಿಯ ವಿಷಯಗಳು ಗುಲಾಬಿ ಗಿಡಗಳು, ಬಗೆಬಗೆಯ ಕಲ್ಲುಗಳು ಮತ್ತು ಪುಸ್ತಕಗಳೇ ಆಗಿದ್ದವು.

1969ರ ಮೇ 3ರಂದು ಹೃದಯಾಘಾತದಿಂದ ಅವರು ನಿಧನರಾದರು. ಅಧಿಕಾರದಲ್ಲಿರುವಾಗಲೇ ತೀರಿಕೊಂಡ ನಮ್ಮ ಮೊದಲ ರಾಷ್ಟ್ರಪತಿ ಅವರು. ಅವರನ್ನು ಓಖ್ಲಾದ ಜಾಮಿಯಾ ಆವರಣದಲ್ಲಿ, ಮಸೀದಿ ಮತ್ತು ಗ್ರಂಥಾಲಯಗಳ ನೆರೆಯಲ್ಲಿ, ಮಣ್ಣುಮಾಡಲಾಯಿತು.